ಎರಡು ದಿನ, ಏಳು ಮಂದಿ, ಒಂಬತ್ತು ಜಾಗ: ಈ ಬೆಂಗಳೂರು ಪಟ್ಟಿಯನ್ನು ಸ್ವಲ್ಪ ನೋಡಿಕೊಡಿ

ಕಾಡುಗೋಡಿ ಕಾಯಂ · ಬುಧವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಗಿನ ಜಾವ ಸಾಗರದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅದೇ ರೈಲಿಗೆ ಶಿವಮೊಗ್ಗದಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಹತ್ತುತ್ತಾರೆ. ಹುಡುಗಿಗೆ ಹನ್ನೊಂದು, ಹುಡುಗನಿಗೆ ಆರು. ಎಲ್ಲರೂ ಮೆಜೆಸ್ಟಿಕ್‌ನಲ್ಲಿ ಇಳಿದು, ಭಾನುವಾರ ರಾತ್ರಿಯ ರೈಲಿಗೆ ವಾಪಸ್. ನಾನು ಈ ಊರಿಗೆ ಬಂದು ಮೂರು ವರ್ಷವಾಯಿತು. ಕಚೇರಿ, ಕೋಣೆ, ಮತ್ತೆ ಕಚೇರಿ. ಊರು ತೋರಿಸುವ ವಿಷಯದಲ್ಲಿ ನಾನೂ ಅವರಷ್ಟೇ ಹೊಸಬ. ಅಪ್ಪನ ಮುಂದೆ ಮಾತ್ರ ಹಾಗೆ ತೋರಿಸಿಕೊಳ್ಳುವಂತಿಲ್ಲ.

ನಾನು ಹಾಕಿಕೊಂಡಿರುವ ಪಟ್ಟಿ ಇದು. ಶನಿವಾರ: ನಂದಿ ಬೆಟ್ಟದಲ್ಲಿ ಸೂರ್ಯೋದಯ, ಅಲ್ಲಿಂದ ನೇರ ಬನ್ನೇರುಘಟ್ಟ ಸಫಾರಿ, ಸಂಜೆ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ, ರಾತ್ರಿ ಚರ್ಚ್ ಸ್ಟ್ರೀಟ್. ಭಾನುವಾರ: ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ಆಮೇಲೆ ದೊಡ್ಡ ಆಲದ ಮರ, ಇಸ್ಕಾನ್, ಬೆಂಗಳೂರು ಅರಮನೆ, ವೈಟ್‌ಫೀಲ್ಡ್‌ನ ಒಂದು ಮಾಲ್, ಕೊನೆಗೆ ರೈಲು. ಟೆಂಪೊ ಟ್ರಾವೆಲರ್ ಒಂದನ್ನು ವಿಚಾರಿಸಿದ್ದೇನೆ, ಮುಂಗಡ ಇನ್ನೂ ಕೊಟ್ಟಿಲ್ಲ. ಯಾವುದಾದರೂ ಬಿಟ್ಟುಹೋಗಿದ್ದರೆ ತಿಳಿಸಿ.

ಗವಿಪುರದವರು · ಬುಧವಾರ, ರಾತ್ರಿ 9.31

ಬಿಟ್ಟುಹೋಗಿರುವುದು ಏನೂ ಇಲ್ಲ, ಬಿಡಬೇಕಾದದ್ದು ಇದೆ.

ರೈಲು ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಬರುತ್ತದೆ. ನಂದಿ ಅಲ್ಲಿಂದ ಅರವತ್ತು ಕಿಲೋಮೀಟರ್. ಈಗಿನ ದಿನಗಳಲ್ಲಿ ಸೂರ್ಯ ಆರೂಕಾಲರ ಹೊತ್ತಿಗೇ ಹುಟ್ಟುತ್ತಾನೆ, ನಿಮ್ಮ ರೈಲಿಗಾಗಿ ಕಾಯುವುದಿಲ್ಲ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನಡೆಯುವುದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಕಾರ್ತಿಕದಲ್ಲಲ್ಲ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಒಂಬತ್ತರಲ್ಲಿ ಮೂರು ಕೂತಲ್ಲೇ ಉದುರಿದವು.

ಸ್ಟೀರಿಂಗ್ ಹಿಡಿದವನು · ಬುಧವಾರ, ರಾತ್ರಿ 9.58

ನಾನು ಹನ್ನೆರಡು ವರ್ಷದಿಂದ ಟೆಂಪೊ ಟ್ರಾವೆಲರ್ ಓಡಿಸುವವನು. ಬಾಡಿಗೆ ಬೇಡ ಎಂದು ಹೇಳುವುದು ನನ್ನ ಹೊಟ್ಟೆಗೆ ನಾನೇ ಹೊಡೆದುಕೊಂಡಂತೆ. ಆದರೂ ಹೇಳುತ್ತೇನೆ, ಈ ಪಟ್ಟಿಗೆ ಗಾಡಿ ಮಾಡಬೇಡಿ.

ನಂದಿ ಇರುವುದು ಊರಿನ ಬಡಗಣ ತುದಿಯಾಚೆ, ಬನ್ನೇರುಘಟ್ಟ ತೆಂಕಣ ತುದಿಯಾಚೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಊರನ್ನು ನೆತ್ತಿಯಿಂದ ಅಂಗಾಲಿನವರೆಗೆ ದಾಟಬೇಕು. ಶನಿವಾರ ಮಧ್ಯಾಹ್ನ ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ದೇವರನ್ನು ಕೇಳಿದರೆ ಅವನೂ ಮ್ಯಾಪ್ ತೆರೆಯುತ್ತಾನೆ. ಆಲದ ಮರ ಪಡುವಣಕ್ಕೆ, ಮೈಸೂರು ರಸ್ತೆಯ ಆಚೆ ಕೇತೋಹಳ್ಳಿಯಲ್ಲಿ. ಮಾಲ್ ಮೂಡಣಕ್ಕೆ. ನಾಲ್ಕು ದಿಕ್ಕನ್ನೂ ಮುಟ್ಟಿ ಬರುವುದು ದಿಗ್ವಿಜಯಕ್ಕೆ ಹೊರಟ ರಾಜರ ಕೆಲಸ.

ಕಳೆದ ವರ್ಷ ಹೀಗೆಯೇ ಒಂದು ಕುಟುಂಬವನ್ನು ಒಂದೇ ದಿನದಲ್ಲಿ ಏಳು ಕಡೆ ಕರೆದೊಯ್ದೆ. ಅವರು ಹೇಳಿದ್ದು, ನಾನು ಓಡಿಸಿದ್ದು. ಸಂಜೆ ಆ ಮನೆಯ ಅಜ್ಜಿಯನ್ನು “ಏನೇನು ನೋಡಿದಿರಿ ಅಮ್ಮ?” ಎಂದು ಕೇಳಿದೆ. “ಲಾರಿಗಳ ಹಿಂದೆ ಬರೆದದ್ದನ್ನೆಲ್ಲ ಓದಿದೆನಪ್ಪ” ಎಂದರು. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಮೂರು ಸಲ ವಾಂತಿ ಮಾಡಿಕೊಂಡಿದ್ದ. ನಿಂಬೆಹಣ್ಣು ಮೂಸಿಸುವುದರಲ್ಲೇ ಅವನ ತಾಯಿಯ ದಿನ ಕಳೆದಿತ್ತು. ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ, ಪಾರ್ಕಿಂಗ್, ಟೋಲ್ ಎಲ್ಲ ಸೇರಿ ಬಿಲ್ಲು ಮಾತ್ರ ಚೆನ್ನಾಗಿಯೇ ಆಗಿತ್ತು.

ಬೊಮ್ಮಸಂದ್ರದ ಬಂಧು · ಬುಧವಾರ, ರಾತ್ರಿ 10.20

ಸ್ಟೀರಿಂಗ್ ಅಣ್ಣನ ಮಾತಿಗೆ ನನ್ನದೂ ಒಂದು ಸಹಿ. ಜಾಗ ಆರಿಸುವುದನ್ನು ಬಿಟ್ಟು ಮೊದಲು ದಿಕ್ಕು ಆರಿಸಿ. ದಿನಕ್ಕೊಂದೇ ದಿಕ್ಕು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಈ ಊರನ್ನು ಇಡಿಯಾಗಿ ನಿಭಾಯಿಸಲಾಗದೆ ಐದು ಪಾಲಿಕೆಗಳಾಗಿ ಹಂಚಿತು. ನೀವು ಎರಡು ದಿನದಲ್ಲಿ ಒಂದೇ ತುತ್ತಿಗೆ ನುಂಗಲು ಹೊರಟಿದ್ದೀರಿ.

ನೀವಿರುವುದು ಕಾಡುಗೋಡಿಯಲ್ಲಿ, ಅಂದರೆ ಮೆಟ್ರೊದ ನೇರಳೆ ಮಾರ್ಗದ ತುದಿಯಲ್ಲಿ. 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೂ ರೈಲು ಬದಲಿಸದೆ ಹೋಗಬಹುದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಸಿಗುತ್ತದೆ, ಹಸಿರಿನ ಆರ್.ವಿ. ರಸ್ತೆ ನಿಲ್ದಾಣದಲ್ಲಿ ನಮ್ಮ ಹಳದಿ ಮಾರ್ಗ. ಒಂದು ದಿನ ಹಸಿರು, ಒಂದು ದಿನ ನೇರಳೆ ಎಂದಿಟ್ಟುಕೊಳ್ಳಿ. ನಿಲ್ದಾಣದಿಂದ ನಡೆದು ಅಥವಾ ಸಣ್ಣ ಆಟೋ ಬಾಡಿಗೆಯಲ್ಲಿ ತಲುಪಲಾಗದ ಜಾಗ ಈ ಸಲಕ್ಕೆ ಬೇಡ. 2025ರ ಫೆಬ್ರುವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆದಾಗ ನಾನೂ ಎಲ್ಲರಂತೆ ಗೊಣಗಿದವನೇ. ಆದರೆ ರಸ್ತೆಯಲ್ಲಿ ಎರಡು ಗಂಟೆ ಸವೆಸುವುದಕ್ಕೆ ಹೋಲಿಸಿದರೆ ಗೊಣಗುತ್ತಲೇ ಕೊಡಬಹುದು.

ನಸುಕಿನ ಸವಾರ · ಬುಧವಾರ, ರಾತ್ರಿ 10.41

ನಂದಿಯನ್ನು ಹೀಗೆ ಸುಲಭವಾಗಿ ಕೈಬಿಡಬೇಡಿ. ಭಾನುವಾರ ಬೆಳಗಿನ ಜಾವ ಮೂರಕ್ಕೆ ಹೊರಟರೆ ಮೋಡ ಕಾಲ ಕೆಳಗೆ ಇರುತ್ತದೆ. ಅದನ್ನು ನೋಡಿದ ಮೇಲೆ ಬೇರೇನೂ ಬೇಕೆನಿಸುವುದಿಲ್ಲ.

ಗವಿಪುರದವರು · ಬುಧವಾರ, ರಾತ್ರಿ 10.44

ಅವರು ಬರುತ್ತಿರುವುದು ಸಾಗರದಿಂದ. ಜೋಗದ ತಾಲ್ಲೂಕಿನವರಿಗೆ, ಕೊಡಚಾದ್ರಿಯ ಮೋಡ ನೋಡಿ ಬೆಳೆದವರಿಗೆ, ರಾತ್ರಿ ಮೂರಕ್ಕೆ ಎಬ್ಬಿಸಿ ಬೆಟ್ಟ ತೋರಿಸುವುದೇ?

ನಸುಕಿನ ಸವಾರ · ಬುಧವಾರ, ರಾತ್ರಿ 10.46

ಸೋತೆ.

ಕಾಡುಗೋಡಿ ಕಾಯಂ · ಬುಧವಾರ, ರಾತ್ರಿ 11.05

ನೀವೆಲ್ಲ ಹೇಳುವುದು ಸರಿ ಇರಬಹುದು. ಆದರೆ ಅಷ್ಟು ದೂರದಿಂದ ಬಂದವರಿಗೆ ದಿನಕ್ಕೆ ಒಂದೆರಡು ಜಾಗ ತೋರಿಸಿ ಕಳುಹಿಸಿದರೆ ಚೆನ್ನಾಗಿರುತ್ತದೆಯೇ? ಅಕ್ಕನ ಪಕ್ಕದ ಮನೆಯವರು ಹೋದ ವರ್ಷ ಎರಡು ದಿನದಲ್ಲಿ ಹದಿಮೂರು ಜಾಗ ನೋಡಿ ಬಂದರಂತೆ. ಫೋಟೊ ಕೂಡ ಇದೆ.

ಮಲ್ಲೇಶ್ವರದ ಅತ್ತೆ · ಗುರುವಾರ, ಬೆಳಿಗ್ಗೆ 6.15

ಬೆಳಗಿನ ಕಾಫಿಯ ಜೊತೆ ಇಷ್ಟನ್ನೂ ಓದಿದೆ. ಮಗು, ಎರಡು ಪ್ರಶ್ನೆ.

ಮೊದಲನೆಯದು: ಪಟ್ಟಿಯಲ್ಲಿ ಒಂಬತ್ತು ಜಾಗ ಇದೆಯಲ್ಲ, ಅದರಲ್ಲಿ ನಿನ್ನ ಅಮ್ಮ ಕೇಳಿದ್ದು ಯಾವುದು, ಅಪ್ಪ ಕೇಳಿದ್ದು ಯಾವುದು? ಎರಡನೆಯದು: ರಾತ್ರಿಯಿಡೀ ರೈಲಿನಲ್ಲಿ ಬಂದವರು ಬೆಳಗಿನ ಜಾವ ಇಳಿದು ಸ್ನಾನ ಎಲ್ಲಿ ಮಾಡುತ್ತಾರೆ? ಇಷ್ಟು ಜನ ಗಂಡಸರು ಅಕ್ಷಾಂಶ ರೇಖಾಂಶ ಎಲ್ಲ ಹೇಳಿದರು, ಬಚ್ಚಲುಮನೆಯ ಸುದ್ದಿ ಒಬ್ಬರೂ ಎತ್ತಲಿಲ್ಲ.

ಕಾಡುಗೋಡಿ ಕಾಯಂ · ಗುರುವಾರ, ಬೆಳಿಗ್ಗೆ 8.50

ಅತ್ತೆಯವರೇ, ಈಗಷ್ಟೇ ಮನೆಗೆ ಫೋನ್ ಮಾಡಿದೆ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ ಎಂಬುದು ನಾಚಿಕೆಯ ವಿಷಯ.

ಅಮ್ಮ ಮೊದಲು “ನೀನು ಎಲ್ಲಿಗೆ ಕರೆದುಕೊಂಡು ಹೋದರೂ ಸರಿ” ಎಂದರು. ಇನ್ನೊಂದು ಸಲ ಕೇಳಿದ್ದಕ್ಕೆ “ಟಿವಿಯಲ್ಲಿ ಕಡಲೆಕಾಯಿ ಪರಿಷೆ ತೋರಿಸುತ್ತಾರಲ್ಲ, ಅದು ಈಗಲೇ ಅಲ್ಲವೇ?” ಎಂದರು. ಸ್ವಲ್ಪ ಬಿಟ್ಟು “ನಿನ್ನ ಕೋಣೆಯನ್ನೂ ನೋಡಬೇಕು” ಎಂದರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಅವರಿಗೆ ವಿಧಾನಸೌಧ ನೋಡಬೇಕಂತೆ. ಹೊರಗಿನಿಂದ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ನೋಡಿದ್ದಾರೆ, ಅಷ್ಟೇ. ಮಕ್ಕಳಿಗೆ ಮೆಟ್ರೊ. ಅದರಲ್ಲಿ ಎಲ್ಲಿಗೆ ಹೋಗುವುದು ಎಂಬುದರ ಬಗ್ಗೆ ಅವರಿಗೆ ತಕರಾರಿಲ್ಲ. ಭಾವ “ಊಟ ಒಂದು ಗಂಟೆಗೆ ಆದರೆ ನಾನು ಎಲ್ಲಿಗಾದರೂ ಬರುತ್ತೇನೆ” ಎಂದರು. ಅಕ್ಕನಿಗೆ ಎರಡು ದಿನ ಯಾರೂ ಅವಳನ್ನು ‘ತಿಂಡಿ ಏನು’ ಎಂದು ಕೇಳದಿದ್ದರೆ ಸಾಕಂತೆ.

ನನ್ನ ಒಂಬತ್ತರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ. ಸ್ನಾನದ ಪ್ರಶ್ನೆಗೆ ಉತ್ತರ ಇನ್ನೂ ಇಲ್ಲ. ಸ್ನಾನವಾಗದೆ ಅಮ್ಮ ಕಾಫಿಯನ್ನೂ ಮುಟ್ಟುವವರಲ್ಲ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಬಂದು, ಒಂದೇ ಬಚ್ಚಲಿನಲ್ಲಿ ಏಳು ಮಂದಿ ಮುಗಿಸಿ, ಮತ್ತೆ ಅಷ್ಟೇ ದೂರ ವಾಪಸ್ ಹೋಗುವುದೆಂದರೆ ಹೊತ್ತು ನೆತ್ತಿಗೇರುತ್ತದೆ.

ಗವಿಪುರದವರು · ಗುರುವಾರ, ಬೆಳಿಗ್ಗೆ 9.20

ಪರಿಷೆಯೇ! ಮೊದಲೇ ಹೇಳಬಾರದಿತ್ತೇ? ನಮ್ಮ ಬೀದಿಯ ಹಬ್ಬ ಅದು.

ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ. ಈ ಸಲ ನಿಮ್ಮವರು ಹೊರಟ ಮರುದಿನವೇ. ಅಯ್ಯೋ ಎನ್ನಬೇಡಿ. ಸೋಮವಾರ ಬಂದರೆ ಜನರ ಬೆನ್ನು ಕಾಣುತ್ತದೆ, ಕಡಲೆಕಾಯಿ ಕಾಣುವುದಿಲ್ಲ. ಮೂಟೆಗಳು ಶುಕ್ರವಾರದಿಂದಲೇ ಇಳಿಯತೊಡಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು, ತಮಿಳುನಾಡು, ಆಂಧ್ರದವರು ಪಾದಚಾರಿ ಮಾರ್ಗದ ಮೇಲೆ ಗೋಣಿತಾಟು ಹಾಸಿ ರಾಶಿ ಸುರಿಯುತ್ತಾರೆ. ಶನಿವಾರ ಬೆಳಿಗ್ಗೆ ಹೊಸ ಕಾಯಿಯ ಮಣ್ಣಿನ ವಾಸನೆ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಇರುತ್ತದೆ. ಸೋಮವಾರದ ಹೊತ್ತಿಗೆ ಅದನ್ನು ಬಜ್ಜಿಯ ಎಣ್ಣೆ ಮುಚ್ಚಿಬಿಡುತ್ತದೆ. ಹಸಿಯದು, ಹುರಿದದ್ದು, ಬೇಯಿಸಿದ್ದು, ಮೂರೂ ಸೇರಿನ ಲೆಕ್ಕದಲ್ಲಿ. ಮೊದಲ ರಾಶಿಯಲ್ಲೇ ಕೊಳ್ಳಬೇಡಿ, ಒಂದೊಂದು ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತ ಕೊನೆಯವರೆಗೆ ನಡೆಯಿರಿ. ಅದಕ್ಕೆ ಅಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಬೊಮ್ಮಸಂದ್ರದ ಬಂಧು · ಗುರುವಾರ, ಬೆಳಿಗ್ಗೆ 9.40

ಹಾಗಾದರೆ ಶನಿವಾರ ಹಸಿರು ಮಾರ್ಗ, ನ್ಯಾಷನಲ್ ಕಾಲೇಜು ನಿಲ್ದಾಣ. ಭಾನುವಾರ ನೇರಳೆ, ವಿಧಾನಸೌಧ ನಿಲ್ದಾಣ. ತಾನಾಗಿಯೇ ಕೂಡಿಬಂತು. ವಿಧಾನಸೌಧದ ಒಳಗೆ 2025ರ ಜೂನ್‌ನಿಂದ ಮಾರ್ಗದರ್ಶಿಯ ಜೊತೆ ಸುತ್ತಾಟ ಇದೆ. ಎಲ್ಲ ಭಾನುವಾರ, ಜೊತೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ. ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಬೇಕು, ಗುರುತಿನ ಚೀಟಿ ಜೊತೆಗಿರಲಿ. ಈಗಲೇ ಮಾಡಿ, ನಾಳೆ ಎಂದರೆ ಹೋಯಿತು.

ಮಾಟುಂಗದಿಂದ · ಗುರುವಾರ, ಬೆಳಿಗ್ಗೆ 10.10

ಮುಂಬೈಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಭಾನುವಾರ ಹೊರಡುವ ಮೊದಲು ಲೋಕಲ್ ರೈಲಿನ ಮೆಗಾಬ್ಲಾಕ್ ಯಾವ ಮಾರ್ಗದಲ್ಲಿ ಎಂದು ನೋಡಿಕೊಳ್ಳುತ್ತೇವೆ, ಪಂಚಾಂಗ ನೋಡುವ ಹಾಗೆ. ನಿಮ್ಮ ಮೆಟ್ರೊಗೂ ಭಾನುವಾರ ಅಂತಹದ್ದೇನಾದರೂ ಇದೆಯೇ?

ಬೊಮ್ಮಸಂದ್ರದ ಬಂಧು · ಗುರುವಾರ, ಬೆಳಿಗ್ಗೆ 10.18

ಒಳ್ಳೆಯ ಮಾತು ನೆನಪಿಸಿದಿರಿ. ಭಾನುವಾರ ನಮ್ಮ ಮೆಟ್ರೊ ಏಳುವುದೇ ಏಳು ಗಂಟೆಗೆ. ಉಳಿದ ದಿನಗಳಂತೆ ನಸುಕಿಗೆ ಹೋಗಿ ನಿಂತರೆ ಮುಚ್ಚಿದ ಶಟರ್ ನೋಡಿಕೊಂಡು ನಿಲ್ಲಬೇಕು. ಇನ್ನೊಂದು ಉಪಯೋಗದ ಸಂಗತಿ: ಮೊಬೈಲಿನಲ್ಲಿ ಒಂದೇ ಕ್ಯೂಆರ್ ಟಿಕೆಟ್‌ಗೆ ಆರು ಮಂದಿಯವರೆಗೆ ಸೇರಿಸಬಹುದು. ಅವರು ಆರು, ನೀವು ನಿಮ್ಮ ಸ್ಮಾರ್ಟ್ ಕಾರ್ಡಿನಲ್ಲಿ.

ಮಲ್ಲೇಶ್ವರದ ಅತ್ತೆ · ಗುರುವಾರ, ಮಧ್ಯಾಹ್ನ 12.30

ಟಿಕೆಟ್ಟೆಲ್ಲ ಆಯಿತು, ಸ್ನಾನ? ಬಸವನಗುಡಿ, ಚಾಮರಾಜಪೇಟೆ, ಹನುಮಂತನಗರ ಕಡೆ ನೆಂಟರು ಯಾರೂ ಇಲ್ಲವೇ? ಸಾಗರದವರಿಗೆ ಬೆಂಗಳೂರಿನ ಆ ಭಾಗದಲ್ಲಿ ನೆಂಟರಿಲ್ಲ ಎಂದರೆ ನಾನು ನಂಬುವುದಿಲ್ಲ.

ಕಾಡುಗೋಡಿ ಕಾಯಂ · ಗುರುವಾರ, ಮಧ್ಯಾಹ್ನ 1.15

ಇದ್ದಾರೆ. ಚಿಕ್ಕಮ್ಮ, ಹನುಮಂತನಗರದಲ್ಲಿ. ಆದರೆ ನಾನು ಅವರ ಮನೆಗೆ ಹೋಗಿ ಎರಡು ವರ್ಷ ಕಳೆದಿದೆ. ಪ್ರತಿ ಹಬ್ಬಕ್ಕೂ ಕರೆಯುತ್ತಾರೆ, ಪ್ರತಿ ಸಲವೂ ‘ತುಂಬಾ ದೂರ’ ಎಂದಿದ್ದೇನೆ. ಈಗ ಸ್ನಾನಕ್ಕೆ ಬರುತ್ತೇವೆ ಎಂದು ಹೇಗೆ ಕೇಳಲಿ?

ಮಲ್ಲೇಶ್ವರದ ಅತ್ತೆ · ಗುರುವಾರ, ಮಧ್ಯಾಹ್ನ 1.19

ನೀನು ಕೇಳಬೇಡ. ಅಮ್ಮನಿಂದ ಫೋನ್ ಮಾಡಿಸು. ಅಕ್ಕತಂಗಿಯರ ನಡುವೆ ಅದೊಂದು ವಿಷಯವೇ ಅಲ್ಲ. ಬೈಗುಳ ಮಾತ್ರ ನಿನಗೆ ಬರುತ್ತದೆ, ತಿನ್ನು.

ರಂಗದ ಹಿಂದಿನ ಸಾಲು · ಗುರುವಾರ, ಸಂಜೆ 6.05

ಶನಿವಾರ ಸಂಜೆ ಖಾಲಿ ಇದ್ದರೆ ಜೆ.ಪಿ. ನಗರದ ರಂಗಶಂಕರದಲ್ಲಿ ಯಾವ ನಾಟಕವಿದೆ ಎಂದು ನೋಡಿ. ಜಯಪ್ರಕಾಶ ನಗರ ಮೆಟ್ರೊ ನಿಲ್ದಾಣದಿಂದ ಆಟೋದಲ್ಲಿ ಹತ್ತಿರ. ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು, 2004ರಿಂದ ನಡೆಯುತ್ತಿದೆ. ಏಳೂವರೆ ಎಂದರೆ ಏಳೂವರೆ. ಬಾಗಿಲು ಮುಚ್ಚಿದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ಕಿನ ನೆಪ ನಡೆಯದ ಜಾಗ ಈ ಊರಿನಲ್ಲಿ ನನಗೆ ಗೊತ್ತಿರುವುದು ಅದೊಂದೇ. ಮುಂಚಿತವಾಗಿ ಹೋಗಿ ಅಲ್ಲಿಯ ಕೆಫೆಯಲ್ಲಿ ಸಬ್ಬಕ್ಕಿ ವಡೆ ತಿನ್ನಿ.

ಕಾಡುಗೋಡಿ ಕಾಯಂ · ಗುರುವಾರ, ಸಂಜೆ 6.40

ಭಾವನಿಗೆ ಹೇಳಿದೆ. “ಹೆಗ್ಗೋಡಿನ ಪಕ್ಕದವರನ್ನು ನಾಟಕ ನೋಡಲು ಬೆಂಗಳೂರಿಗೆ ಕರೆಸುತ್ತೀಯಾ?” ಎಂದು ನಕ್ಕರು. ನೀನಾಸಮ್‌ನ ನಾಟಕಗಳನ್ನು ನೆಲದ ಮೇಲೆ ಕೂತು ನೋಡಿ ಬೆಳೆದ ಮನೆ ನಮ್ಮದು. ಆದರೆ ವಡೆಯ ಬಗ್ಗೆ ಎರಡು ಸಲ ವಿಚಾರಿಸಿದರು.

ಮಾಲ್ ಪಕ್ಷಪಾತಿ · ಗುರುವಾರ, ರಾತ್ರಿ 8.15

ಬೈಸಿಕೊಳ್ಳಲು ಸಿದ್ಧನಾಗಿಯೇ ಹೇಳುತ್ತಿದ್ದೇನೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದಾಗ ಮಾಲ್‌ನಷ್ಟು ಅನುಕೂಲ ಬೇರೆ ಇಲ್ಲ. ಶೌಚಾಲಯ ಸ್ವಚ್ಛ, ಕೂರಲು ಜಾಗ, ಮಳೆ ಬಂದರೆ ಚಿಂತೆಯಿಲ್ಲ. ನನ್ನ ತಾಯಿಗೆ ಮೊಣಕಾಲು ನೋವು. ನಾವು ‘ಪಾರಂಪರಿಕ ನಡಿಗೆ’ ಒಂದಕ್ಕೆ ಹೋಗಿದ್ದೆವು. ಅರ್ಧ ದಾರಿಯಲ್ಲಿ ಅವರು ಕೂರಲು ಜಾಗ ಸಿಗದೆ ಒಂದು ಹಾರ್ಡ್‌ವೇರ್ ಅಂಗಡಿಯ ಸಿಮೆಂಟ್ ಮೂಟೆಯ ಮೇಲೆ ಕೂತಿದ್ದರು. ಪರಂಪರೆ ಅಷ್ಟಕ್ಕೇ ನಿಂತಿತು.

ಗವಿಪುರದವರು · ಗುರುವಾರ, ರಾತ್ರಿ 8.40

ಬೈಯುವುದಿಲ್ಲ, ನೀವು ಹೇಳಿದ್ದು ನಿಜ. ಬಸವನಗುಡಿಯಲ್ಲಿ ಬ್ಯೂಗಲ್ ರಾಕ್ ಉದ್ಯಾನದ ಬೆಂಚುಗಳಿವೆ, ಬಸವಣ್ಣನ ಗುಡಿಯ ಪಕ್ಕದಲ್ಲೇ. ಮೆಟ್ಟಿಲು ಹತ್ತಲಾಗದವರು ಕೆಳಗಿನ ದೊಡ್ಡ ಗಣಪತಿಯ ಹತ್ತಿರ ಕೂರಬಹುದು. ಶೌಚಾಲಯದ ಕೆಲಸವನ್ನು ಮೆಟ್ರೊ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಬನ್ನಿ. ದೋಸೆಯ ಆಸೆ ಇದ್ದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ಇದೆ, ಶುಕ್ರವಾರ ರಜೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಊಟದ ಹೊತ್ತಿಗೆ ಹೋಗಬೇಡಿ. ಸಂಜೆ ವಿ.ವಿ. ಪುರದ ತಿಂಡಿ ಬೀದಿ, ಸಜ್ಜನರಾವ್ ವೃತ್ತದ ಹತ್ತಿರ. ಅಲ್ಲಿಯ ಬೇಕರಿಯಲ್ಲಿ ಖಾರದ ಬನ್ನು, ‘ಕಾಂಗ್ರೆಸ್’ ಎನ್ನುವ ಮಸಾಲೆ ಕಡಲೆಕಾಯಿ ಬೀಜ. ಬೆಳಿಗ್ಗೆ ಪರಿಷೆ, ಸಂಜೆ ಕಾಂಗ್ರೆಸ್ ಎಂದರೆ ದಿನವಿಡೀ ಕಡಲೆಕಾಯಿಯೇ ಆಯಿತು, ಪಿತ್ತ ನೋಡಿಕೊಳ್ಳಿ.

ಸ್ಟೀರಿಂಗ್ ಹಿಡಿದವನು · ಶುಕ್ರವಾರ, ಬೆಳಿಗ್ಗೆ 7.05

ಮೆಜೆಸ್ಟಿಕ್‌ನಿಂದ ಹನುಮಂತನಗರಕ್ಕೆ ಎರಡು ಆಟೋ ಬೇಕಾಗುತ್ತದೆ, ಚೀಲಗಳಿರುತ್ತವಲ್ಲ. 2025ರ ಆಗಸ್ಟಿನಿಂದ ಮೀಟರ್ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಬೆಳಗಿನ ಐದರೊಳಗೆ ಹತ್ತಿದರೆ ಒಂದೂವರೆಪಟ್ಟು. ರೈಲು ಬೇಗ ಬಂದರೆ ಪ್ಲಾಟ್‌ಫಾರ್ಮಿನಲ್ಲೇ ಒಂದು ಕಾಫಿ ಕುಡಿದು ಐದು ದಾಟಿಸಿ ಹೊರಗೆ ಬನ್ನಿ. ಅಮ್ಮ ಕುಡಿಯುವುದಿಲ್ಲ, ಗೊತ್ತು. ಅವರು ಚೀಲ ಕಾಯಲಿ.

ದೊಡ್ಡ ಚೀಲಗಳನ್ನು ಚಿಕ್ಕಮ್ಮನ ಮನೆಯಲ್ಲೇ ಬಿಟ್ಟು, ಒಂದು ರಾತ್ರಿಗೆ ಬೇಕಾದಷ್ಟನ್ನು ಮಾತ್ರ ಕಾಡುಗೋಡಿಗೆ ಒಯ್ಯಿರಿ. ಭಾನುವಾರ ಸಂಜೆ ನೀವು ಮತ್ತು ಭಾವ ಹೋಗಿ ತಂದರೆ ಸಾಕು. ಎರಡು ದಿನ ಚೀಲ ಹೊತ್ತು ತಿರುಗಿದವರಿಗೆ ಯಾವ ಊರೂ ಚಂದ ಕಾಣುವುದಿಲ್ಲ.

ಕಾಡುಗೋಡಿ ಕಾಯಂ · ಶುಕ್ರವಾರ, ರಾತ್ರಿ 10.30

ಟೆಂಪೊ ಬೇಡವೆಂದು ತಿಳಿಸಿದೆ. ವಿಧಾನಸೌಧದ ಚೀಟಿ ಸಿಕ್ಕಿತು, ಭಾನುವಾರ ಬೆಳಿಗ್ಗೆಗೆ. ಚಿಕ್ಕಮ್ಮ ನನಗೆ ಪ್ರತ್ಯೇಕವಾಗಿ ಫೋನ್ ಮಾಡಿ ಹತ್ತು ನಿಮಿಷ ಬೈದು, ಕೊನೆಗೆ “ನಿನಗೆ ಈಗಲೂ ಬದನೆಕಾಯಿ ಸೇರುವುದಿಲ್ಲವೇ?” ಎಂದು ಕೇಳಿದರು. ಮಲಗುತ್ತೇನೆ, ನಾಲ್ಕಕ್ಕೆ ಏಳಬೇಕು.

ಮಲ್ಲೇಶ್ವರದ ಅತ್ತೆ · ಸೋಮವಾರ, ಬೆಳಿಗ್ಗೆ 6.40

ಏನಾಯಿತು? ಎರಡು ದಿನದಿಂದ ಕಾಫಿಗೆ ರುಚಿಯಿಲ್ಲ.

ಕಾಡುಗೋಡಿ ಕಾಯಂ · ಸೋಮವಾರ, ರಾತ್ರಿ 9.20

ಕ್ಷಮಿಸಿ ಅತ್ತೆಯವರೇ, ಇವತ್ತು ಕಚೇರಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ.

ಶನಿವಾರ ಯೋಜನೆಯಂತೆ ನಡೆದದ್ದು ಸ್ನಾನದವರೆಗೆ. ಆಮೇಲೆ ಚಿಕ್ಕಮ್ಮ ಯಾರನ್ನೂ ಹೊರಗೆ ಬಿಡಲಿಲ್ಲ. ಶಂಕರಪುರದ ಇಡ್ಲಿ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತೆಳ್ಳೇವು ದೋಸೆ ಕಾವಲಿಗೆ ಬಿದ್ದಾಗಿತ್ತು, ಜೊತೆಗೆ ಜೋನಿಬೆಲ್ಲ. ಅಕ್ಕ ಕೈ ತೊಳೆಯಲು ಹೋದವಳು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಮದುವೆಯಾದ ಮೇಲೆ ಬಿಸಿಬಿಸಿಯಾಗಿ ಕೂತು ತಿಂದದ್ದು ಇದೇ ಮೊದಲು ಎಂದಳು. ಹೊರಟಾಗ ಹತ್ತೂವರೆ. ನಾನು ಒಳಗೊಳಗೇ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಆ ಚಿಂತೆ ಇರಲಿಲ್ಲ. ಚಿಕ್ಕಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೇ ಹೊರಟರು. ಎಂಟು ಮಂದಿಯಾದೆವು.

ಗವಿಪುರದವರು ಹೇಳಿದಂತೆ ಹೊಸ ಕಾಯಿಯ ವಾಸನೆ ಇತ್ತು. ಅಮ್ಮ ಪ್ರತಿ ರಾಶಿಯ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಹೆಬ್ಬೆರಳಿನಿಂದ ಒಡೆದು, ಒಂದು ಬೀಜ ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಚಿಕ್ಕಮ್ಮನ ಕೈಗೆ ಕೊಡುತ್ತಿದ್ದರು. ಇಬ್ಬರೂ ಅಗಿದು, ಒಬ್ಬರ ಮುಖ ಒಬ್ಬರು ನೋಡಿ, ಮಾತಿಲ್ಲದೆ ಎದ್ದು ಮುಂದಿನ ರಾಶಿಗೆ. ಹೀಗೆ ಸುಮಾರು ಇಪ್ಪತ್ತು ರಾಶಿ. ಕೊನೆಗೆ ಕೊಂಡದ್ದು ಮೂರನೆಯ ರಾಶಿಯಲ್ಲಿ, ವಾಪಸ್ ನಡೆದುಬಂದು. ಐದು ಸೇರು. ಗಾಂಧಿ ಬಜಾರಿನಲ್ಲಿ ಕನಕಾಂಬರ ಕೊಳ್ಳುವಾಗ ಹೂವಿನಾಕೆಯ ಜೊತೆ ಜಗಳವೂ ಆಯಿತು. ಆಕೆ ಅಳೆದ ಮಾರು ಗಿಡ್ಡ ಎಂದು ಅಮ್ಮ ತಮ್ಮ ಕೈಯಗಲಿಸಿ ತೋರಿಸಿದರು. ಆಕೆ “ನಿಮ್ಮ ಕೈ ಉದ್ದ ಇದ್ದರೆ ನಾನೇನು ಮಾಡಲಿ ಅಮ್ಮ” ಎಂದಳು. ಇಬ್ಬರೂ ನಕ್ಕು, ಒಂದು ಗೇಣು ಹೆಚ್ಚು ಬಂತು.

ಗುಡಿಯಲ್ಲಿ ಭಾವ ಮಕ್ಕಳಿಗೆ ಕಥೆ ಹೇಳಿದರು. ಇಲ್ಲಿ ಸುಂಕೇನಹಳ್ಳಿ ಇದ್ದ ಕಾಲದಲ್ಲಿ ಬಸವ ಬಂದು ಕಡಲೆಕಾಯಿ ಬೆಳೆ ಮೇಯುತ್ತಿತ್ತಂತೆ, ರೈತರು ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತರಂತೆ. ಕಲ್ಲಿನ ಬಸವ ಬೆಳೆಯುತ್ತಲೇ ಇತ್ತಂತೆ, ನೆತ್ತಿಯ ಮೇಲೆ ತ್ರಿಶೂಲ ಇಟ್ಟ ಮೇಲೆ ನಿಂತಿತಂತೆ. ಹನ್ನೊಂದರ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ “ಹಾಗಾದರೆ ಬೆಂಗಳೂರಿನ ನೆತ್ತಿಯ ಮೇಲೆ ಯಾಕೆ ಇಡಲಿಲ್ಲ?” ಎಂದಳು.

ಲಾಲ್‌ಬಾಗ್ ಒಂದೇ ನಿಲ್ದಾಣ ಆಚೆ ಇದ್ದರೂ ಹೋಗಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಊಟ (ಒಂದೂಕಾಲಿಗೆ, ಭಾವ ಕ್ಷಮಿಸಿದರು), ಎಲ್ಲರೂ ಸಾಲಾಗಿ ಚಾಪೆಯ ಮೇಲೆ ನಿದ್ದೆ, ಎದ್ದು ತಿಂಡಿ ಬೀದಿ. ರಾತ್ರಿ ಕಾಡುಗೋಡಿ. ಅಮ್ಮ ನನ್ನ ಕೋಣೆ ನೋಡಿದರು. ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದಾಗ ಗ್ಯಾಸ್ ಒಲೆ ಹೊಳೆಯುತ್ತಿತ್ತು.

ಭಾನುವಾರ ಅಪ್ಪನ ದಿನ. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಸಾಗರದಿಂದಲೇ ಮಡಿಸಿಕೊಂಡು ತಂದಿದ್ದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ನಗಲಿಲ್ಲ, ಗುರುತಿನ ಚೀಟಿಯ ಫೋಟೊದ ಹಾಗೆ ನಿಂತರು. ಮಾರ್ಗದರ್ಶಿ ಹುಡುಗಿ ಕೆಂಗಲ್ ಹನುಮಂತಯ್ಯನವರ ಕಾಲ, 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, 1956ಕ್ಕೆ ಮುಗಿದದ್ದು ಎಲ್ಲ ವಿವರಿಸುತ್ತಿದ್ದಳು. ಅಪ್ಪ ಗಮನವಿಟ್ಟು ಕೇಳಿ, ಕೊನೆಗೆ ಬಹಳ ಮರ್ಯಾದೆಯಿಂದ “ಕಂದಾಯದ ಟಪಾಲು ವಿಭಾಗ ಯಾವ ಕಡೆ ಬರುತ್ತದಮ್ಮ?” ಎಂದು ಕೇಳಿದರು. ಅಂತಹ ಕಚೇರಿಗಳು ಹೆಚ್ಚಾಗಿ ಆ ಬಹುಮಹಡಿ ಕಟ್ಟಡದಲ್ಲಿವೆ ಎಂದು ಅವಳು ಹೊರಗೆ ಕೈ ತೋರಿಸಿದಳು. ಅಪ್ಪ ಆ ಕಡೆ ನೋಡಿದರು, ಈ ಕಂಬಗಳನ್ನು ನೋಡಿದರು. “ಮೂವತ್ತನಾಲ್ಕು ವರ್ಷ ನಾನು ಬರೆದದ್ದು ಈ ಕಟ್ಟಡಕ್ಕಲ್ಲವೇ!” ಎಂದರು. ಅಲ್ಲಿದ್ದ ಅಪರಿಚಿತರೂ ನಕ್ಕರು.

ಅಲ್ಲಿಂದ ಕಬ್ಬನ್ ಪಾರ್ಕ್ ನಡೆದೇ ಹೋದೆವು. ಭಾನುವಾರ ಒಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಆರರ ಹುಡುಗ ರಸ್ತೆಯ ನಟ್ಟನಡುವೆ ಓಡಿದ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಮಾದರಿಗಿಂತ ಅಲುಗಾಡುವ ಡೈನೋಸಾರ್ ಅವನಿಗೆ ಹಿಡಿಸಿತು. ಚರ್ಚ್ ಸ್ಟ್ರೀಟ್‌ಗೆ ಹೋಗುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಹುಲ್ಲಿನ ಮೇಲೆ ಕೂತು ಹಸಿ ಕಡಲೆಕಾಯಿ ಸುಲಿಯುತ್ತ ಸಂಜೆ ಮಾಡಿದೆವು.

ಸ್ಟೀರಿಂಗ್ ಹಿಡಿದವನು · ಸೋಮವಾರ, ರಾತ್ರಿ 9.45

ಒಂಬತ್ತರಲ್ಲಿ ಎಷ್ಟು ನೋಡಿದಿರಿ?

ಕಾಡುಗೋಡಿ ಕಾಯಂ · ಸೋಮವಾರ, ರಾತ್ರಿ 9.47

ಒಂದನ್ನೂ ಇಲ್ಲ.

ಗವಿಪುರದವರು · ಸೋಮವಾರ, ರಾತ್ರಿ 10.02

ನಾನು ಈಗಷ್ಟೇ ಪರಿಷೆಯಿಂದ ಬಂದೆ. ಕಾಲು ತುಳಿಸಿಕೊಂಡು, ಒಂದು ಚಪ್ಪಲಿ ಕಳೆದುಕೊಂಡು. ಶನಿವಾರ ಹೋಗಿ ಎಂದು ಊರಿಗೆಲ್ಲ ಹೇಳುತ್ತೇನೆ, ನಾನು ಹೋಗುವುದು ಸೋಮವಾರವೇ.

ಮಲ್ಲೇಶ್ವರದ ಅತ್ತೆ · ಮಂಗಳವಾರ, ಬೆಳಿಗ್ಗೆ 6.20

ಮುಂದಿನ ಸಲ ಅಪ್ಪನಿಗೆ ಆ ಬಹುಮಹಡಿ ಕಟ್ಟಡವನ್ನೂ ಹೊರಗಿನಿಂದಲಾದರೂ ತೋರಿಸು. ಚಿಕ್ಕಮ್ಮನ ಮನೆಗೆ ಮುಂದಿನ ಸಲದವರೆಗೆ ಕಾಯಬೇಡ. ಐದು ಸೇರು ಕಾಯಿ ರೈಲಿನಲ್ಲಿ ಹೇಗೆ ಹೋಯಿತು?

ಕಾಡುಗೋಡಿ ಕಾಯಂ · ಮಂಗಳವಾರ, ಬೆಳಿಗ್ಗೆ 8.10

ಎರಡು ಸೇರು ಶಿವಮೊಗ್ಗದಲ್ಲಿ ಇಳಿಯಿತು, ಮೂರು ಸಾಗರಕ್ಕೆ. ಅಮ್ಮ ಒಂದು ಹಿಡಿ ಬೇಯಿಸಿ, ಒಂದು ಹಿಡಿ ಹುರಿದು, ನಾಲ್ಕು ಕಾಳನ್ನು ಹಿತ್ತಲಿನಲ್ಲಿ ಬಾಳೆಯ ಬುಡದ ಪಕ್ಕ ಊರಿದ್ದಾರಂತೆ. ಅಲ್ಲಿ ಬರುವುದಿಲ್ಲ ಎಂದು ಅಪ್ಪ, ಬಂದೇ ಬರುತ್ತದೆ ಎಂದು ಅಮ್ಮ. ಬೆಳಿಗ್ಗೆಯಿಂದ ಇಬ್ಬರೂ ಸರದಿಯ ಮೇಲೆ ನನಗೆ ಫೋನ್ ಮಾಡುತ್ತಿದ್ದಾರೆ.